ಮರುಭೂಮಿಯ ಹಕ್ಕಿಗಳೂ ಸಿರುಗುಪ್ಪದ ಎರೆಹೊಲಗಳೂ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಹಕ್ಕಿಗಳಿಗೆ ಆಗುತ್ತಿರುವುದನ್ನು ಕರ್ನಾಟಕದ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಿಯ ವಿಷಯ ನಮಗೇಕೆ ಎಂದು ಯಾರಿಗಾದರೂ ಅನ್ನಿಸಿದರೆ ಅದು ಸಹಜವೇ. ಆದರೆ ಥಾರ್‌ನಲ್ಲಿ ಅಳಿವಿನಂಚಿಗೆ ಬಂದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ನೆಲಹಕ್ಕಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಹೊಲಗಳಲ್ಲಿಯೂ ಬೆರಳೆಣಿಕೆಯಷ್ಟು ಉಳಿದಿದೆ. ಥಾರ್‌ನಲ್ಲಿ ಅದನ್ನು ಕೊಲ್ಲುತ್ತಿರುವ ಕಾರಣಗಳೇ ಕರ್ನಾಟಕಕ್ಕೂ ಬರುತ್ತಿವೆ. ಅಲ್ಲಿ ತಡವಾಗಿ ಆಗುತ್ತಿರುವ ಕೆಲಸವನ್ನು ಕರ್ನಾಟಕದಲ್ಲಿ ಈಗಲೇ ಮಾಡಬೇಕೆಂಬುದು ನನ್ನ ವಿನಂತಿ.

ನಾನು ಧಾರವಾಡದ ಕಡೆಯವನು. ಉದ್ಯೋಗದ ನಿಮಿತ್ತ ಜೋಧಪುರಕ್ಕೆ ಬಂದು ಇಲ್ಲಿಯೇ ನೆಲೆ ನಿಂತಿದ್ದೇನೆ. ಕಾಲೇಜಿನ ದಿನಗಳಿಂದ ಪರಿಚಯದ ಸ್ನೇಹಿತರೊಬ್ಬರು ಸಿರುಗುಪ್ಪ ತಾಲ್ಲೂಕಿನಲ್ಲಿ ಶಾಲಾ ಶಿಕ್ಷಕರಾಗಿದ್ದಾರೆ. ಹಕ್ಕಿಗಳ ಬಗ್ಗೆ ಬಾಲ್ಯದಿಂದಲೂ ಆಸಕ್ತಿಯುಳ್ಳ ಅವರು ಈ ಸಲ ಫಾಲ್ಗುಣದಲ್ಲಿ ರಜೆ ಹಾಕಿ, ಮರುಭೂಮಿಯ ಹಕ್ಕಿಗಳನ್ನು ನೋಡಲೆಂದೇ ಬಂದರು. ಮರುಭೂಮಿಗೆ ಹಕ್ಕಿ ನೋಡಲು ಹೋಗಲು ಅದು ಒಳ್ಳೆಯ ಕಾಲ. ಬೆಳಗಿನ ಚಳಿ ಪೂರ್ತಿ ಬಿಟ್ಟಿರುವುದಿಲ್ಲ, ನಡುಹಗಲಿನ ಉರಿಯೂ ಇನ್ನೂ ಹತ್ತಿರುವುದಿಲ್ಲ. ಚಳಿಗಾಲಕ್ಕೆಂದು ಮಧ್ಯ ಏಷ್ಯಾದಿಂದ ಬಂದ ಹಕ್ಕಿಗಳು ಹೊರಡುವ ತಯಾರಿಯಲ್ಲಿದ್ದರೂ ಇನ್ನೂ ಇರುತ್ತವೆ. ಇಲ್ಲಿಯೇ ಇರುವ ಹಕ್ಕಿಗಳು ಜೋಡಿಯಾಗಲು, ಹಾಡಲು ಶುರುಮಾಡಿರುತ್ತವೆ. ರೋಹಿಡಾ ಮರಗಳು ಎಲೆ ಕಾಣದಂತೆ ಕೇಸರಿ, ಹಳದಿ ಹೂ ಹೊತ್ತು ನಿಂತಿರುತ್ತವೆ. ಎಲೆಯೇ ಇಲ್ಲದ ಕೇರ್ ಪೊದೆಗಳಲ್ಲಿ ಇಟ್ಟಿಗೆ ಬಣ್ಣದ ಹೂ ಬಿಡುವುದೂ ಇದೇ ಸುಮಾರಿಗೆ.

ನಮ್ಮ ಪ್ರಯಾಣ ಶುರುವಾದದ್ದು ಫಲೋಡಿಯ ಸಮೀಪದ ಖೀಚನ್ ಹಳ್ಳಿಯಿಂದ. ಕುರ್ಜಾ ಎಂದು ಇಲ್ಲಿಯವರು ಕರೆಯುವ ಡೆಮಾಯ್ಸೆಲ್ ಕೊಕ್ಕರೆಗಳು ಮಂಗೋಲಿಯಾ, ಕಜಕಸ್ತಾನದ ಹುಲ್ಲುಬಯಲುಗಳಿಂದ ಸಾವಿರಾರು ಸಂಖ್ಯೆಯಲ್ಲಿ ಬಂದು ಇಲ್ಲಿ ಚಳಿಗಾಲ ಕಳೆಯುತ್ತವೆ. ಮಾರ್ಚ್ ತಿಂಗಳ ಕೊನೆಯೊಳಗೆ ಬಹುಪಾಲು ಮರಳಿ ಹೊರಟುಹೋಗುತ್ತವೆ. ಊರಿನ ಜನ, ಅದರಲ್ಲಿಯೂ ಜೈನ ಕುಟುಂಬಗಳು, ದಶಕಗಳಿಂದ ಇವುಗಳಿಗೆ ಕಾಳು ಹಾಕುತ್ತಾ ಬಂದಿದ್ದಾರೆ. ಅದಕ್ಕೆಂದೇ ಬೇಲಿ ಕಟ್ಟಿದ ಚುಗ್ಗಾ ಘರ್ ಎಂಬ ಅಂಗಳವಿದೆ. 2025ರ ಜೂನ್‌ನಲ್ಲಿ ಖೀಚನ್ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬೆಳಗಿನ ಹೊತ್ತು ಸುತ್ತಲಿನ ಮನೆಗಳ ಮಾಳಿಗೆಯ ಮೇಲೆ ಜನ ಎದ್ದು ಓಡಾಡುತ್ತಿರುತ್ತಾರೆ, ಕೆಳಗೆ ಬೂದುಬಣ್ಣದ ಕೊಕ್ಕರೆಗಳು ಭುಜಕ್ಕೆ ಭುಜ ತಾಗಿಸಿಕೊಂಡು ಜೋಳ ಹೆಕ್ಕುತ್ತಿರುತ್ತವೆ. ಒಂದು ಊರು ಮನಸ್ಸು ಮಾಡಿದರೆ ಹಕ್ಕಿಯ ಜೊತೆ ಹೇಗೆ ಬಾಳಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿಲ್ಲ. ಆದರೆ ನಾನು ಬರೆಯಹೊರಟಿರುವ ಹಕ್ಕಿಗೆ ಕಾಳು ಹಾಕಿದರೆ ಸಾಲದು. ಅದಕ್ಕೆ ಬೇಕಾದದ್ದು ಬಯಲು.

ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನದ ವಿಸ್ತಾರ 3,162 ಚದರ ಕಿಲೋಮೀಟರ್. ಮರುಭೂಮಿ ಎಂದೊಡನೆ ಮರಳುದಿಬ್ಬ, ಒಂಟೆ ಸವಾರಿಗಳ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಸಮ್ ಎಂಬಲ್ಲಿ ಪ್ರವಾಸಿಗರು ನೋಡುವುದೂ ಅದನ್ನೇ. ಆದರೆ ಈ ಉದ್ಯಾನದಲ್ಲಿ ದಿಬ್ಬಗಳಿಗಿಂತ ಹೆಚ್ಚಾಗಿ ಕಾಣುವುದು ಕಲ್ಲುಮಿಶ್ರಿತ ಗಟ್ಟಿ ನೆಲ, ಸೇವಣ್ ಹುಲ್ಲಿನ ಬಯಲು, ನಡುನಡುವೆ ಖೇಜಡಿ ಮರ. ಸೇವಣ್ ಬಹುವರ್ಷ ಬಾಳುವ ಹುಲ್ಲು. ಬೇರು ಆಳಕ್ಕಿಳಿಸಿ ಮರಳನ್ನು ಹಿಡಿದಿಡುತ್ತದೆ, ಒಂದೆರಡು ಮಳೆಗೇ ಚಿಗುರುತ್ತದೆ, ಒಣಗಿದ ಮೇಲೂ ದನಕ್ಕೆ ಮೇವಾಗುತ್ತದೆ. ಹಕ್ಕಿಯೂ ಹಸುವೂ ಇಲ್ಲಿ ಬದುಕಿರುವುದು ಈ ಹುಲ್ಲಿನ ಆಸರೆಯಿಂದ.

ಈ ಬಯಲಿನಲ್ಲಿ ಒಂದು ಬೆಳಗು ಕಳೆದವರು ಮತ್ತೆ ಅದನ್ನು ಬರಿದು ಎನ್ನಲಾರರು. ದನಗಳಿಗೆಂದು ಕಟ್ಟಿದ ನೀರಿನ ತೊಟ್ಟಿಯೊಂದರ ಬಳಿ, ಗಾಡಿಯಿಂದ ಇಳಿಯದೆ ನಾವು ಕಾದೆವು. ಬಿಸಿಲೇರುತ್ತಿದ್ದಂತೆ ಸ್ಯಾಂಡ್‌ಗ್ರೌಸ್ ಹಕ್ಕಿಗಳು ಚಿಕ್ಕಚಿಕ್ಕ ಗುಂಪುಗಳಲ್ಲಿ ಬರತೊಡಗಿದವು. ಅವು ನೇರವಾಗಿ ನೀರಿಗೆ ಇಳಿಯುವುದಿಲ್ಲ. ದೂರದಲ್ಲಿ ನೆಲಕ್ಕಿಳಿದು, ನೆಲದ ಬಣ್ಣದೊಳಗೇ ಬಣ್ಣವಾಗಿ ಕೆಲಹೊತ್ತು ಅಲುಗಾಡದೆ ಕುಳಿತು, ಗಿಡುಗದ ಸುಳಿವಿಲ್ಲವೆಂದು ಖಾತ್ರಿಯಾದ ಮೇಲೆ ಗಿಡ್ಡ ಕಾಲುಗಳಲ್ಲಿ ಸರಸರನೆ ನಡೆದು ಅಂಚಿಗೆ ಬರುತ್ತವೆ. ತಲೆ ಬಗ್ಗಿಸಿ ನಾಲ್ಕಾರು ಗುಟುಕು ಹೀರಿ, ಒಂದು ಹಾರಿದೊಡನೆ ಎಲ್ಲವೂ ಹಾರಿಬಿಡುತ್ತವೆ. ಮರಿಗಳಿರುವ ಕಾಲದಲ್ಲಿ ಗಂಡುಹಕ್ಕಿ ಹೊಟ್ಟೆಯನ್ನು ನೀರಿಗಿಟ್ಟು ಗರಿಗಳಲ್ಲಿ ನೀರು ತುಂಬಿಕೊಂಡು ಮೈಲಿಗಟ್ಟಲೆ ಹಾರಿ ಹೋಗುತ್ತದೆ. ಮರಿಗಳು ಆ ಗರಿಗಳನ್ನು ಚೀಪಿ ಬಾಯಾರಿಕೆ ತೀರಿಸಿಕೊಳ್ಳುತ್ತವೆ. ಆ ಗರಿಗಳ ಎಳೆಗಳು ಸುರುಳಿ ಸುತ್ತಿರುತ್ತವೆ. ನೀರು ತಾಗಿದಾಗ ಬಿಚ್ಚಿಕೊಂಡು ನೀರನ್ನು ಹಿಡಿದಿಡುತ್ತವೆ. ನನ್ನ ಸ್ನೇಹಿತರು ಇದನ್ನು ಶಾಲೆಯ ಮಕ್ಕಳಿಗೆ ಹೇಳಬೇಕೆಂದು ಚಿತ್ರಸಹಿತ ಬರೆದುಕೊಂಡರು.

ಅದೇ ಬಯಲಿನಲ್ಲಿ ಗ್ರೇಟರ್ ಹೂಪೂ ಲಾರ್ಕ್ ಎಂಬ ನೆಲಹಕ್ಕಿ ಹಾಡುತ್ತಿತ್ತು. ಉದ್ದ ಕಾಲು, ತುಸು ಬಾಗಿದ ಕೊಕ್ಕು, ಮರಳಿನ ಬಣ್ಣ; ಓಡುತ್ತಿರುವಾಗ ಗುರುತು ಹಿಡಿಯುವುದೇ ಕಷ್ಟ. ಪೊದೆಯೊಂದರ ನೆತ್ತಿಯಿಂದ ಸಿಳ್ಳೆ ಹಾಕುತ್ತ ನೆಟ್ಟಗೆ ಮೇಲಕ್ಕೆ ಹಾರಿದಾಗ ಮಾತ್ರ ರೆಕ್ಕೆಯ ಕಪ್ಪು ಬಿಳಿ ಪಟ್ಟೆಗಳು ಒಮ್ಮೆಗೇ ಬಿಚ್ಚಿಕೊಳ್ಳುತ್ತವೆ. ಮೇಲೆ ಒಂದು ಗಳಿಗೆ ತಡೆದು, ಹೊರಳಿ, ರೆಕ್ಕೆ ಹರಡಿ ಮತ್ತೆ ಅದೇ ಪೊದೆಗೆ ಬರುತ್ತದೆ. ಕ್ರೀಮ್ ಬಣ್ಣದ ಕೋರ್ಸರ್‌ಗಳು ಓಡುವುದು, ಗಕ್ಕನೆ ನಿಲ್ಲುವುದು, ಬಗ್ಗಿ ಹುಳ ಹಿಡಿಯುವುದು, ಮತ್ತೆ ಓಡುವುದು. ಪೊದೆಗಳ ಮೇಲೆ ಮರುಭೂಮಿಯ ವೀಟಿಯರ್‌ಗಳು, ಆಕಾಶದಲ್ಲಿ ಸ್ಟೆಪಿ ಹದ್ದು, ಲಗ್ಗರ್ ಚಾಣ, ರಣಹದ್ದುಗಳು, ನೆಲದ ಮೇಲೆ ಚಿಂಕಾರ ಜಿಂಕೆಗಳು. ಇವುಗಳಲ್ಲಿ ಬಹಳಷ್ಟಕ್ಕೆ ಕಾಡು ಬೇಕಿಲ್ಲ. ಮರ ನೆಟ್ಟು ಬಯಲನ್ನು ತೋಪು ಮಾಡಿದರೆ ಇವು ಉಳಿಯುವುದೂ ಇಲ್ಲ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ; ಏಕೆಂದರೆ ನಮ್ಮಲ್ಲಿ ಪರಿಸರ ಎಂದರೆ ಮರ, ಮರವಿಲ್ಲದ ಕಡೆ ಪರಿಸರವೇ ಇಲ್ಲ ಎಂಬ ತಿಳಿವಳಿಕೆ ಸರ್ಕಾರದ ಕಚೇರಿಗಳಲ್ಲಿಯೂ ಶಾಲೆಯ ವನಮಹೋತ್ಸವಗಳಲ್ಲಿಯೂ ಗಟ್ಟಿಯಾಗಿ ಬೇರೂರಿದೆ.

ಸುದಾಸರಿ ಎಂಬಲ್ಲಿ ಅರಣ್ಯ ಇಲಾಖೆ ಬೇಲಿ ಹಾಕಿ ಕಾಯುತ್ತಿರುವ ಹುಲ್ಲುಗಾವಲಿದೆ. ಅದರ ಅಂಚಿನಲ್ಲಿ, ಅನುಮತಿಯಿದ್ದ ಜಾಗದಿಂದ, ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯನ್ನು ನಾವು ನೋಡಿದೆವು. ರಾಜಸ್ಥಾನದವರು ಇದನ್ನು ಗೋಡಾವಣ್ ಎನ್ನುತ್ತಾರೆ. ಅದು ಆ ರಾಜ್ಯದ ರಾಜ್ಯಪಕ್ಷಿ. ನಮ್ಮ ಎರೆಭೂಮಿಯ ಕಡೆ ಎರೆಭೂತ ಎಂಬ ಹೆಸರಿದೆ. ದೂರದರ್ಶಕದಲ್ಲಿ ಮೊದಲು ಕಂಡದ್ದು ಹುಲ್ಲಿನ ಮೇಲೆ ನೆಟ್ಟಗೆ ನಿಂತ ಬಿಳಿಯ ಕತ್ತು, ಅದರ ತುದಿಗೆ ಕಪ್ಪು ಟೋಪಿ ಇಟ್ಟಂಥ ನೆತ್ತಿ. ಅದು ಗಂಡು. ಹುಲ್ಲಿನಿಂದ ಹೊರಬಂದಾಗ ಕಂದು ಬೆನ್ನು, ಎದೆಗೆ ಅಡ್ಡವಾಗಿ ಕಪ್ಪು ಪಟ್ಟಿ, ದಪ್ಪನೆಯ ಹಳದಿ ಕಾಲು, ಮುಂದಕ್ಕೆ ಮೂರೇ ಬೆರಳು. ಹತ್ತು ಹದಿನೈದು ಕಿಲೋ ತೂಗಬಲ್ಲ, ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ ಒಂದೊಂದು ಹೆಜ್ಜೆಯನ್ನೂ ಎಣಿಸಿ ಇಡುತ್ತಿದೆಯೇನೋ ಎಂಬಂತೆ ನಡೆಯುತ್ತಿತ್ತು. ಒಂದು ಪೊದೆಯ ಬುಡದಲ್ಲಿ ನಿಂತು ತಲೆ ಓರೆ ಮಾಡಿ ನೋಡಿ, ಜೀರುಂಡೆಯೋ ಮಿಡತೆಯೋ ಸರಿಯಾಗಿ ಕಾಣಲಿಲ್ಲ, ಕೊಕ್ಕಿನಿಂದ ಎತ್ತಿ ನುಂಗಿತು.

ಸ್ನೇಹಿತರು ಬಹಳ ಹೊತ್ತು ದೂರದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ, "ಇದು ನಮ್ಮೂರಾಗಿನ ಹಕ್ಕಿ ನೋಡಪಾ. ನಮ್ಮಪ್ಪ ಹಿಂಗಾರಿ ಜೋಳದ ಹೊಲದಾಗ ಇದನ್ನ ತೋರಿಸಿದ್ದ. ಮುಂದ ನೀರು ಬಂತು, ಎಲ್ಲಾ ಭತ್ತದ ಗದ್ದಿ ಆತು. ಹೊಲಾನೂ ಹೋತು, ಹಕ್ಕಿನೂ ಹೋತು" ಎಂದರು. ಕಾಲುವೆಯ ನೀರು ಬಂದದ್ದು ತಪ್ಪೆಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ತುಂಗಭದ್ರೆಯ ನೀರಿನಿಂದ ಬದುಕು ಕಟ್ಟಿಕೊಂಡ ಸಾವಿರಾರು ಕುಟುಂಬಗಳು ಆ ಭಾಗದಲ್ಲಿವೆ. ಆದರೆ ನೀರು ತಲುಪದ ಒಣಹೊಲಗಳು ಇಂದಿಗೂ ಇವೆ, ಅಲ್ಲಿ ಈ ಹಕ್ಕಿಯೂ ಇದೆ. ಅದನ್ನು ಉಳಿಸಿಕೊಳ್ಳುವ ಪ್ರಶ್ನೆ ಇನ್ನೂ ಮುಗಿದಿಲ್ಲ.

ಇಡೀ ಜಗತ್ತಿನಲ್ಲಿ ಈಗ ಉಳಿದಿರುವ ಈ ಹಕ್ಕಿಗಳು ನೂರೈವತ್ತರ ಆಸುಪಾಸು ಎಂದು ಲೆಕ್ಕ. ಅವುಗಳಲ್ಲಿ ಬಹುಪಾಲು ಥಾರ್‌ನಲ್ಲಿಯೇ ಇವೆ. ಕರ್ನಾಟಕ, ಆಂಧ್ರಪ್ರದೇಶ, ಮಹಾರಾಷ್ಟ್ರಗಳಲ್ಲಿ ಒಟ್ಟು ಸೇರಿಸಿದರೂ ಕೈಬೆರಳುಗಳಿಗೆ ಸಾಲುವಷ್ಟೇ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2011ರಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಗುರುತಿಸಿತು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಗೂಡಿಲ್ಲದೆ ಬಯಲು ನೆಲದ ಮೇಲೆ. ಆ ಮೊಟ್ಟೆ ನಾಯಿ, ನರಿ, ಉಡಗಳ ಕಣ್ಣು ತಪ್ಪಿಸಿ ಮರಿಯಾಗಬೇಕು. ಹೀಗೆ ನಿಧಾನವಾಗಿ ಸಂತತಿ ಬೆಳೆಸುವ ಹಕ್ಕಿಯಲ್ಲಿ ವಯಸ್ಸಿಗೆ ಬಂದ ನಾಲ್ಕೈದು ಹಕ್ಕಿ ಸತ್ತರೂ ಆ ನಷ್ಟ ತುಂಬಲು ಹಲವು ವರ್ಷಗಳೇ ಬೇಕು.

ವಯಸ್ಸಿಗೆ ಬಂದ ಹಕ್ಕಿಗಳು ಇಂದು ಸಾಯುತ್ತಿರುವುದು ಮುಖ್ಯವಾಗಿ ವಿದ್ಯುತ್ ತಂತಿಗಳಿಗೆ ಬಡಿದು. ಜೈಸಲ್ಮೇರ್‌ನಿಂದ ಯಾವ ದಿಕ್ಕಿಗೆ ಹೊರಟರೂ ಗಾಳಿಯಂತ್ರಗಳು, ಸೌರಫಲಕಗಳು, ಅಲ್ಲಿಂದ ವಿದ್ಯುತ್ ಹೊತ್ತೊಯ್ಯುವ ಗೋಪುರಗಳು ಕಾಣುತ್ತವೆ. ಕೆಲವು ಕಡೆ ತಂತಿಗಳು ಒಂದರ ಮೇಲೊಂದು ಸಾಲಾಗಿ ಆಕಾಶವನ್ನೇ ಅಡ್ಡಗಟ್ಟಿದಂತಿವೆ. ಬಸ್ಟರ್ಡ್‌ಗೆ ಕಣ್ಣುಗಳಿರುವುದು ತಲೆಯ ಪಕ್ಕಗಳಲ್ಲಿ. ಸುತ್ತಲ ಶತ್ರುಗಳನ್ನು ಗಮನಿಸಲು ಅದು ಅನುಕೂಲ, ಆದರೆ ಹಾರುವಾಗ ನೇರ ಮುಂದಿರುವುದು ಅದಕ್ಕೆ ಅಷ್ಟಾಗಿ ಕಾಣಿಸುವುದಿಲ್ಲ. ತಂತಿ ಕಾಣುವ ಹೊತ್ತಿಗೆ ಹತ್ತಿರ ಬಂದಿರುತ್ತದೆ. ಅಷ್ಟು ಭಾರದ ಮೈ ಹೊತ್ತು ಆ ಕ್ಷಣದಲ್ಲಿ ದಿಕ್ಕು ಬದಲಿಸಲು ಆಗುವುದಿಲ್ಲ. ಇದು ಹಕ್ಕಿಯ ಅಜಾಗರೂಕತೆಯಲ್ಲ. ಲಕ್ಷಾಂತರ ವರ್ಷ ಅಡೆತಡೆಯಿಲ್ಲದ ಬಯಲಿನಲ್ಲಿ ಬಾಳಿದ ಜೀವಕ್ಕೆ ನಾವು ಕೆಲವೇ ದಶಕಗಳಲ್ಲಿ ತಂದೊಡ್ಡಿದ ಆಪತ್ತು.

ಸಾಯುವುದು ಬಸ್ಟರ್ಡ್ ಮಾತ್ರವೂ ಅಲ್ಲ. ಥಾರ್‌ನಲ್ಲಿ ಈ ಹಕ್ಕಿಯ ನೆಲೆಯಿರುವ ಸುಮಾರು 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಂತಿಗಳಿಗೆ ಬಡಿದು ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತಿರಬಹುದೆಂದು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿದೆ. ನಾವು ಗಾಡಿ ನಿಲ್ಲಿಸಿದ ಒಂದು ಕಡೆ, ಗೋಪುರದ ಕೆಳಗೆ ಹದ್ದೊಂದರ ಒಣಗಿದ ದೇಹ ಬಿದ್ದಿತ್ತು. ಒಂದು ರೆಕ್ಕೆ ಭುಜದ ಹತ್ತಿರ ಮುರಿದು ಹಿಂದಕ್ಕೆ ಮಡಚಿತ್ತು, ಗರಿಗಳ ಬುಡಕ್ಕೆ ಮರಳು ಸೇರಿತ್ತು. ಅಲ್ಲಿಗೆ ಕುರಿ ಮೇಯಿಸಲು ಬಂದಿದ್ದ ಹಿರಿಯರೊಬ್ಬರು, ಇಂಥವನ್ನು ನೋಡುವುದು ತಮಗೆ ಹೊಸತಲ್ಲವೆಂದೂ, ಮೊದಲೆಲ್ಲ ತಮ್ಮ ಓರಣ್‌ನಲ್ಲಿ ಗೋಡಾವಣ್ ಮೇಯುವುದನ್ನು ದಿನವೂ ಕಾಣುತ್ತಿದ್ದುದಾಗಿಯೂ ಹೇಳಿದರು. ಓರಣ್ ಎಂದರೆ ಊರ ದೇವರ ಹೆಸರಿನಲ್ಲಿ ಬಿಟ್ಟ ಭೂಮಿ. ನಮ್ಮ ದೇವರಕಾಡಿನಂತೆಯೇ, ಆದರೆ ಇಲ್ಲಿ ಬಹುಪಾಲು ಹುಲ್ಲುಗಾವಲು. ಅಲ್ಲಿ ಮರ ಕಡಿಯುವಂತಿಲ್ಲ, ಉಳುಮೆ ಮಾಡುವಂತಿಲ್ಲ, ದನ ಕುರಿ ಮೇಯಬಹುದು. ಶತಮಾನಗಳಿಂದ ಊರವರು ಕಾದುಕೊಂಡು ಬಂದ ಇಂಥ ಎಷ್ಟೋ ಜಾಗಗಳು ಕಂದಾಯ ದಾಖಲೆಗಳಲ್ಲಿ ಬಂಜರು ಎಂದೇ ನಮೂದಾಗಿವೆ. ಆ ಒಂದು ನಮೂದಿನ ಬಲದಿಂದಲೇ ಅವು ಯೋಜನೆಗಳಿಗೆ ಹಂಚಿಕೆಯಾಗುತ್ತವೆ. ಅದರ ವಿರುದ್ಧ ಜೈಸಲ್ಮೇರ್‌ನ ಕುರಿಗಾಹಿಗಳೂ ಗ್ರಾಮಸ್ಥರೂ ಪಾದಯಾತ್ರೆ ಮಾಡಿದ್ದಾರೆ, ನ್ಯಾಯಾಲಯದ ಮೆಟ್ಟಿಲೇರಿದ್ದಾರೆ. ಹಕ್ಕಿಯ ಪರವಾಗಿ ಮಾತನಾಡುವವರೆಲ್ಲ ನಗರದ ಹವ್ಯಾಸಿಗಳು ಎಂಬ ಟೀಕೆಯನ್ನು ಕೇಳಿದಾಗಲೆಲ್ಲ ನನಗೆ ಇವರು ನೆನಪಾಗುತ್ತಾರೆ.

ನ್ಯಾಯಾಲಯದ ವಿಷಯವನ್ನೂ ಹೇಳಬೇಕು. 2021ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್ ಈ ಹಕ್ಕಿಯ ನೆಲೆಗಳಲ್ಲಿ ವಿದ್ಯುತ್ ತಂತಿಗಳನ್ನು ಸಾಧ್ಯವಿದ್ದಲ್ಲೆಲ್ಲ ಭೂಮಿಯೊಳಗೆ ಒಯ್ಯಬೇಕು, ಉಳಿದ ಕಡೆ ಹಕ್ಕಿಗಳನ್ನು ಎಚ್ಚರಿಸುವ ಫಲಕಗಳನ್ನು ತಂತಿಗೆ ತೂಗುಹಾಕಬೇಕು ಎಂದು ಆದೇಶಿಸಿತು. ಆ ಆದೇಶ ಸುಮಾರು 99,000 ಚದರ ಕಿಲೋಮೀಟರ್‌ಗೆ ಅನ್ವಯಿಸುತ್ತಿತ್ತು. ಅಷ್ಟು ದೊಡ್ಡ ಪ್ರದೇಶದಲ್ಲಿ ಭಾರಿ ಒತ್ತಡದ ತಂತಿಗಳನ್ನು ಹೂಳುವುದು ತಾಂತ್ರಿಕವಾಗಿ ಕಷ್ಟ, ಸೌರ ಮತ್ತು ಗಾಳಿ ವಿದ್ಯುತ್ತಿನ ಗುರಿಗಳಿಗೂ ಅಡ್ಡಿ ಎಂದು ಕೇಂದ್ರ ಸರ್ಕಾರ ವಾದಿಸಿತು. 2024ರ ಮಾರ್ಚ್ 21ರಂದು ನ್ಯಾಯಾಲಯ ತನ್ನ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ನಾಗರಿಕರ ಹಕ್ಕು ಎಂದು ಅದೇ ತೀರ್ಪಿನಲ್ಲಿ ಹೇಳಿತು. 2025ರ ಡಿಸೆಂಬರ್‌ನಲ್ಲಿ ಸಮಿತಿಯ ಶಿಫಾರಸುಗಳನ್ನು ಒಪ್ಪಿ, ರಾಜಸ್ಥಾನದಲ್ಲಿ ಸುಮಾರು 14,000 ಚದರ ಕಿಲೋಮೀಟರ್ ಆದ್ಯತಾ ಪ್ರದೇಶವನ್ನು ಗುರುತಿಸಿ, ಅಲ್ಲಿ ಹೊಸ ತಂತಿ ಮತ್ತು ಯೋಜನೆಗಳ ಮೇಲೆ ನಿರ್ಬಂಧ ಹಾಕಿತು.

ಸೌರಶಕ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ಮರುಭೂಮಿಯ ಬೇಸಿಗೆಯನ್ನು ಮೈಯಾರೆ ಅನುಭವಿಸುವವನಿಗೆ ಭೂಮಿ ಬಿಸಿಯಾಗುತ್ತಿದೆ ಎಂಬುದು ಪತ್ರಿಕೆಯಲ್ಲಿ ಓದುವ ವಿಷಯವಾಗಿ ಉಳಿದಿಲ್ಲ. ಕಲ್ಲಿದ್ದಲನ್ನು ನಾವು ಬಿಡಲೇಬೇಕು. ಆದರೆ ಎಲ್ಲಿ ಫಲಕ ಹಾಕಬೇಕು, ತಂತಿಯನ್ನು ಯಾವ ದಾರಿಯಲ್ಲಿ ಒಯ್ಯಬೇಕು ಎಂಬುದು ಪ್ರಕೃತಿ ನಿಯಮವಲ್ಲ, ಮನುಷ್ಯರು ಕುಳಿತು ತೀರ್ಮಾನಿಸುವ ವಿಷಯ. ಹತ್ತು ಹದಿನೈದು ವರ್ಷಗಳ ಹಿಂದೆ, ಗೋಪುರಗಳು ಏಳುವ ಮೊದಲೇ, ಹಕ್ಕಿಗಳ ಓಡಾಟದ ನಕ್ಷೆಯನ್ನು ಮುಂದಿಟ್ಟುಕೊಂಡು ದಾರಿ ಗುರುತಿಸಿದ್ದರೆ ಇಂದು ಹೂಳುವ ಖರ್ಚಿನ ಮಾತೇ ಇಷ್ಟು ದೊಡ್ಡದಾಗುತ್ತಿರಲಿಲ್ಲ. ನಿಂತ ಗೋಪುರವನ್ನು ಕೀಳುವುದು ಕಷ್ಟ, ನಿಲ್ಲದ ಗೋಪುರವನ್ನು ಬೇರೆ ಕಡೆ ನಿಲ್ಲಿಸುವುದು ಸುಲಭ. ಕರ್ನಾಟಕಕ್ಕೆ ಆ ಸುಲಭದ ಅವಕಾಶ ಇನ್ನೂ ಸ್ವಲ್ಪ ಉಳಿದಿದೆ.

ರಾಜಸ್ಥಾನದಲ್ಲಿ ಭರವಸೆಯ ಕೆಲಸಗಳೂ ನಡೆದಿವೆ. 2019ರಿಂದ ಕಾಡಿನ ಮೊಟ್ಟೆಗಳನ್ನು ತಂದು ಕಾವುಯಂತ್ರದಲ್ಲಿ ಮರಿ ಮಾಡಿಸುವ ಕೇಂದ್ರ ಸಮ್‌ನಲ್ಲಿದೆ, ರಾಮದೇವರಾದಲ್ಲಿ ಇನ್ನೊಂದಿದೆ. ಅಲ್ಲಿ ಸಾಕುತ್ತಿರುವ ಹಕ್ಕಿಗಳ ಸಂಖ್ಯೆ ಈಗ ಐವತ್ತನ್ನು ಮೀರಿದೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ವಿಜ್ಞಾನಿಗಳ, ಕಾವಲುಗಾರರ ಶ್ರಮಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಆದರೆ ಸಾಕಿದ ಮರಿಗಳನ್ನು ಒಂದು ದಿನ ಬಯಲಿಗೆ ಬಿಡಬೇಕು. ಬಿಡುವ ದಿನ ಬಯಲು ಇರಬೇಕು, ಬಯಲಿನ ಮೇಲೆ ತಂತಿ ಇರಬಾರದು.

ಇನ್ನು ನಮ್ಮ ನಾಡಿನ ಮಾತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯವನ್ನು 1974ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಿಸಲಾಯಿತು. ಅದರ ವಿಸ್ತಾರ 119 ಚದರ ಕಿಲೋಮೀಟರ್. ಒಂದು ಕಾಲಕ್ಕೆ ಅಲ್ಲಿ ಈ ಹಕ್ಕಿಯೂ ಇತ್ತು. ಆದರೆ ಬಯಲಿನ ದೊಡ್ಡ ಭಾಗಕ್ಕೆ ನೀಲಗಿರಿ ನೆಡಲಾಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ನಾಲ್ಕು ದಿಕ್ಕಿಗೂ ಕಣ್ಣು ಹಾಯುವ ತೆರೆದ ನೆಲ ಬೇಕಾದ ಹಕ್ಕಿ ಹೊಂದಿಕೊಳ್ಳಲಾರದೆ ಅಲ್ಲಿಂದ ಇಲ್ಲವಾಯಿತು. ಕಾಯುವ ಉದ್ದೇಶ ಒಳ್ಳೆಯದೇ ಇದ್ದರೂ ಏನನ್ನು ಕಾಯುತ್ತಿದ್ದೇವೆ ಎಂಬ ತಿಳಿವಳಿಕೆ ಇಲ್ಲದೆ ಹೋದರೆ ಹೀಗಾಗುತ್ತದೆ. ಸಿರುಗುಪ್ಪದಲ್ಲಿ ಅದು ಮತ್ತೆ ಆಗಬಾರದು.

ಸಿರುಗುಪ್ಪದ ಸನ್ನಿವೇಶ ಥಾರ್‌ಗಿಂತ ಬೇರೆ. ಅಲ್ಲಿ ಸಾವಿರಾರು ಚದರ ಕಿಲೋಮೀಟರ್ ಸರ್ಕಾರಿ ಹುಲ್ಲುಗಾವಲಿಲ್ಲ. ಹಕ್ಕಿ ಇರುವುದು ಬಹುಪಾಲು ರೈತರ ಖಾಸಗಿ ಹೊಲಗಳಲ್ಲಿ. ಬೆಳೆಯ ಸಾಲುಗಳ ನಡುವೆ, ಬೀಳು ಬಿಟ್ಟ ತುಂಡುಗಳಲ್ಲಿ ಅದು ಮೇಯುತ್ತದೆ. ಆದ್ದರಿಂದ ಬೇಲಿ ಹಾಕಿ ಹಕ್ಕಿಯನ್ನು ಉಳಿಸುತ್ತೇವೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ರೈತ ಒಪ್ಪಿದರೆ ಮಾತ್ರ ಹಕ್ಕಿ ಉಳಿಯುತ್ತದೆ. ಒಣಬೇಸಾಯವನ್ನೇ ಮುಂದುವರಿಸುವ, ಹೊಲದ ಒಂದು ಪಾಲನ್ನು ಬೀಳು ಬಿಡುವ, ಕೀಟನಾಶಕ ಕಡಿಮೆ ಮಾಡುವ ರೈತನಿಗೆ ಎಕರೆಗೆ ಇಷ್ಟೆಂದು ಪ್ರತಿವರ್ಷ ಹಣ ಕೊಡುವ ವ್ಯವಸ್ಥೆಯಾಗಬೇಕು. ಅದು ಪರಿಹಾರವೆಂಬ ಹೆಸರಿನ ಭಿಕ್ಷೆಯಾಗಬಾರದು, ಮಾಡಿದ ಕೆಲಸಕ್ಕೆ ಕೊಡುವ ಸಂಬಳವಾಗಬೇಕು. ಹೊಲದಲ್ಲಿ ಮೊಟ್ಟೆ ಕಂಡ ರೈತ, ಜಮೀನನ್ನು ಇಲಾಖೆ ವಶಪಡಿಸಿಕೊಂಡೀತೆಂದು ಹೆದರಿ ಸುಮ್ಮನಾಗುವ ಸ್ಥಿತಿ ಇರಬಾರದು. ಮುಂದೆ ಬಂದು ಹೇಳಿದರೆ ತನಗೆ ಮರ್ಯಾದೆಯೂ ಲಾಭವೂ ಇದೆ ಎಂಬ ಧೈರ್ಯ ಅವನಿಗೆ ಬರಬೇಕು.

ಇದರ ಜೊತೆಗೆ ತಂತಿಯ ಪ್ರಶ್ನೆ. ಕರ್ನಾಟಕ ಸೌರ ಮತ್ತು ಗಾಳಿ ವಿದ್ಯುತ್ತಿನಲ್ಲಿ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಪಾರ್ಕ್ ಇದೆ. ಬರದಿಂದ ಬೇಸತ್ತ ಅಲ್ಲಿಯ ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟು ವರ್ಷಕ್ಕೊಮ್ಮೆ ನಿಶ್ಚಿತ ಹಣ ಪಡೆಯುವುದನ್ನು ನಾನು ಆಕ್ಷೇಪಿಸಲಾರೆ. ಆದರೆ ಬಳ್ಳಾರಿ, ಕೊಪ್ಪಳ, ಗದಗ, ಚಿತ್ರದುರ್ಗಗಳ ಒಣಬಯಲುಗಳಿಗೆ ಇಂಥ ಯೋಜನೆಗಳು ಬರುವಾಗ ಯಾವ ಬಯಲಿನಲ್ಲಿ ಯಾವ ಜೀವವಿದೆ ಎಂದು ಮೊದಲು ನೋಡುವ ಪದ್ಧತಿ ನಮ್ಮಲ್ಲಿ ಇಲ್ಲ. ಬಹುತೇಕ ಸೌರ ಯೋಜನೆಗಳಿಗೆ ಪರಿಸರ ಪರಿಣಾಮ ಅಧ್ಯಯನವೇ ಕಡ್ಡಾಯವಲ್ಲ. ಪಹಣಿಯಲ್ಲಿ ಖರಾಬು ಎಂದಿದ್ದರೆ, ಗೋಮಾಳ ಎಂದಿದ್ದರೆ, ಅಲ್ಲಿಗೆ ವಿಚಾರಣೆ ಮುಗಿಯಿತು. ಕುರಿ ಮೇಯುವ, ತೋಳ ಓಡಾಡುವ, ಬಸ್ಟರ್ಡ್ ಮೊಟ್ಟೆಯಿಡುವ ನೆಲ ಹೇಗೆ ಖರಾಬು ಆಗುತ್ತದೆ ಎಂದು ಕೇಳುವವರು ಯಾರು?

ಸಿರುಗುಪ್ಪ ಮತ್ತು ಅದಕ್ಕೆ ಅಂಟಿಕೊಂಡ ಆಂಧ್ರದ ಗಡಿಭಾಗದಲ್ಲಿ ಈ ಹಕ್ಕಿ ಓಡಾಡುವ ಪ್ರದೇಶವನ್ನು ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳು ಕೂಡಿ ಗುರುತಿಸಲಿ. ಹಕ್ಕಿಗೆ ರಾಜ್ಯದ ಗಡಿ ಗೊತ್ತಿಲ್ಲ. ಆ ಪ್ರದೇಶದಲ್ಲಿ ಹೊಸದಾಗಿ ಗಾಳಿಯಂತ್ರ ಮತ್ತು ಎತ್ತರದ ತಂತಿ ಬೇಡ. ಈಗಾಗಲೇ ಇರುವ ಹಳ್ಳಿಯ ಹನ್ನೊಂದು ಕಿಲೋವೋಲ್ಟ್ ತಂತಿಗಳನ್ನು ಹೂಳುವುದು ಅಸಾಧ್ಯದ ಕೆಲಸವಲ್ಲ. ನಗರಗಳ ಬೀದಿಗಳಲ್ಲಿ ವಿದ್ಯುತ್ ಕಂಪನಿಗಳು ಅದನ್ನು ಮಾಡುತ್ತಲೇ ಇವೆ. ಹೂಳಲಾಗದ ದೊಡ್ಡ ತಂತಿಗಳಿಗೆ ಹಕ್ಕಿ ಎಚ್ಚರಿಕೆಯ ಫಲಕ ಹಾಕಿ, ಅವು ಕಳಚಿ ಬಿದ್ದಿವೆಯೇ ಎಂದು ಕಾಲಕಾಲಕ್ಕೆ ನೋಡುವ ಹೊಣೆಯನ್ನು ಒಬ್ಬ ಅಧಿಕಾರಿಗೆ ಹೆಸರು ಹಿಡಿದು ವಹಿಸಬೇಕು. ಫಲಕದಿಂದ ಸಾವು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ; ಆದ್ದರಿಂದ ಅದನ್ನೇ ಪೂರ್ಣ ಪರಿಹಾರವೆಂದು ಭಾವಿಸಿ ಕೈತೊಳೆದುಕೊಳ್ಳುವಂತಿಲ್ಲ. ಹಳ್ಳಿಗಳ ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆಯನ್ನೂ ಇದೇ ಯೋಜನೆಗೆ ಸೇರಿಸಿದರೆ ಮೊಟ್ಟೆ ಮರಿಗಳಿಗೆ ಅಷ್ಟು ರಕ್ಷಣೆ ಸಿಗುತ್ತದೆ, ಊರವರಿಗೂ ಉಪಕಾರವಾಗುತ್ತದೆ.

ನನ್ನಂತೆ ಹಕ್ಕಿ ನೋಡುವ ಹವ್ಯಾಸದವರಿಗೂ ಒಂದು ಮಾತು. ಅಪರೂಪದ ಹಕ್ಕಿ ಎಲ್ಲಿದೆ ಎಂದು ತಿಳಿದೊಡನೆ ಕ್ಯಾಮೆರಾ ಹಿಡಿದು ಓಡುವುದು, ಹೊಲದೊಳಗೆ ಜೀಪು ನುಗ್ಗಿಸುವುದು, ಹಾರುವ ಚಿತ್ರ ಬೇಕೆಂದು ಹಕ್ಕಿಯನ್ನು ಎಬ್ಬಿಸುವುದು, ಜಾಗದ ಗುರುತು ಸಹಿತ ಚಿತ್ರ ಹಂಚುವುದು ಈಗ ಹೆಚ್ಚಾಗಿದೆ. ಹೆಣ್ಣುಹಕ್ಕಿ ಒಮ್ಮೆ ಬೆದರಿ ಮೊಟ್ಟೆ ಬಿಟ್ಟೆದ್ದರೆ ಕಾಗೆಗೆ ಅಷ್ಟು ಹೊತ್ತು ಸಾಕು. ಸಿರುಗುಪ್ಪದ ಹಕ್ಕಿಗಳನ್ನು ನೋಡಲು ದಯವಿಟ್ಟು ಹೋಗಬೇಡಿ. ನೋಡಲೇಬೇಕೆಂಬ ಆಸೆ ಇದ್ದವರು ಫಾಲ್ಗುಣದಲ್ಲಿ ಜೈಸಲ್ಮೇರ್‌ಗೆ ಬನ್ನಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಕರ ಜೊತೆ, ದೂರದಿಂದ ನೋಡಿ. ಅದರಿಂದ ಇಲ್ಲಿಯ ಹಳ್ಳಿಗಳ ಯುವಕರಿಗೂ ನಾಲ್ಕು ಕಾಸು ಸಿಗುತ್ತದೆ.

ನನ್ನ ಸ್ನೇಹಿತರು ಊರಿಗೆ ಹಿಂದಿರುಗಿದ ಮೇಲೆ ತಮ್ಮ ಶಾಲೆಯ ಮಕ್ಕಳಿಂದ ಅವರವರ ಮನೆಯ ಹಿರಿಯರು ಈ ಹಕ್ಕಿಯನ್ನು ಎಲ್ಲಿ, ಯಾವ ಹೊಲದಲ್ಲಿ, ಯಾವ ಬೆಳೆಯಿದ್ದಾಗ ಕಂಡಿದ್ದರೆಂದು ಕೇಳಿ ಬರೆಸುತ್ತಿದ್ದಾರೆ. ಇಂಥ ಮಾಹಿತಿ ಅರಣ್ಯ ಇಲಾಖೆಗೆ ಉಪಯೋಗವಾಗಬಹುದು. ಆಸಕ್ತ ಅಧಿಕಾರಿಗಳು ತಾಲ್ಲೂಕಿನ ಶಾಲೆಗಳನ್ನು ಸಂಪರ್ಕಿಸಿದರೆ ಶಿಕ್ಷಕರು ಸಂತೋಷದಿಂದ ಸಹಕರಿಸುತ್ತಾರೆ. ತಮ್ಮ ಪತ್ರಿಕೆಯ ಬಳ್ಳಾರಿ ವರದಿಗಾರರು ಆ ಭಾಗದಲ್ಲಿ ಈಗ ಪ್ರಸ್ತಾವದಲ್ಲಿರುವ ವಿದ್ಯುತ್ ಮಾರ್ಗಗಳು ಯಾವ ಯಾವ ಗ್ರಾಮಗಳ ಮೇಲೆ ಹಾದುಹೋಗುತ್ತವೆ ಎಂಬುದನ್ನು ವಿಚಾರಿಸಿ, ಗೋಪುರಗಳ ಗುಂಡಿ ತೋಡುವ ಮೊದಲೇ ಪ್ರಕಟಿಸಬೇಕೆಂದು ಕೋರುತ್ತೇನೆ. ಅರಣ್ಯ ಮತ್ತು ಇಂಧನ ಇಲಾಖೆಗಳ ಸಚಿವರು ಆ ಮಾಹಿತಿಯನ್ನು ಮುಂದಿಟ್ಟುಕೊಂಡು ಒಂದೇ ಸಭೆಯಲ್ಲಿ ಕುಳಿತು ಈ ವಿಷಯವನ್ನು ಚರ್ಚಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಜೋಧಪುರ, ರಾಜಸ್ಥಾನ